ಏಳು ಚಳಿಗಾಲ ದಾಟಿದ ಗ್ಯಾಸ್ ಗೀಸರ್: ಧಾರವಾಡದ ಮನೆಯೊಂದರ ಅನುಭವ

ಧಾರವಾಡದ ಮಳೆಯನ್ನು ಕಂಡವರಿಗೆ ನಮ್ಮ ಮನೆಯ ಬಿಸಿನೀರಿನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಶ್ರಾವಣ ಕಳೆದರೂ ಬಿಡುವುದಿಲ್ಲ. ಮಾಳಿಗೆಯ ಮೇಲಿನ ಸೋಲಾರ್ ವಾರಗಟ್ಟಲೆ ಬಿಸಿಲು ಕಾಣದೆ ತಣ್ಣಗೆ ಕುಳಿತಿರುತ್ತದೆ. ಗಾಳಿ ಎದ್ದರೆ ಕರೆಂಟ್ ಇಲ್ಲ. ಹಿತ್ತಿಲ ಬಚ್ಚಲಿನಲ್ಲಿ ಅವ್ವನ ತಾಮ್ರದ ಹಂಡೆ ಇತ್ತು, ಆದರೆ ಹಸಿ ಕಟ್ಟಿಗೆಯ ಹೊಗೆ ಎಪ್ಪತ್ತು ದಾಟಿದ ಅವಳ ಎದೆಗೆ ಆಗಿಬರುತ್ತಿರಲಿಲ್ಲ. ಹೀಗಾಗಿ 2018ರ ನವೆಂಬರ್‌ನಲ್ಲಿ ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗ್ಯಾಸ್ ಗೀಸರ್ ಒಂದನ್ನು ಹುಬ್ಬಳ್ಳಿಯಿಂದ ತಂದೆವು. ಅಂದಿನಿಂದ ಇಂದಿನವರೆಗೆ ಅದು ನಮ್ಮ ನಾಲ್ವರಿಗೆ ದಿನವೂ ನೀರು ಕಾಯಿಸುತ್ತಿದೆ. ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ಈ ಗಾತ್ರದ ಗೀಸರ್‌ಗಳ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ಇದು ಚೆನ್ನಾಗಿ ಬಾಳುವುದು ಎಲ್ಲಿ ತೂಗುಹಾಕಿದ್ದೀರಿ, ಎಂಥ ನೀರು ಕೊಡುತ್ತೀರಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೀರೋ ಇಲ್ಲವೋ ಎಂಬುದರ ಮೇಲೆ.

ಮೊದಲು ತೂಗುಹಾಕಿದ ಜಾಗದ ಮಾತು, ಏಕೆಂದರೆ ನಾವು ದೊಡ್ಡ ತಪ್ಪು ಮಾಡಿದ್ದು ಅಲ್ಲೇ.

ಗೀಸರ್ ಜೋಡಿಸಲು ಬಂದ ಫಿಟ್ಟರ್ ಅದನ್ನು ಸ್ನಾನದ ಮನೆಯ ಒಳಗಿನ ಗೋಡೆಗೇ ಬಿಗಿದ. ಕೊಳವೆಯ ಖರ್ಚು ಉಳಿಯುತ್ತದೆ ಎಂದ, ನಾನು ಒಪ್ಪಿದೆ. ಐದಡಿ ಅಗಲ, ಆರಡಿ ಉದ್ದದ ಕೋಣೆ, ಮೇಲೆ ಅಂಗೈ ಅಗಲದ ಒಂದು ಗವಾಕ್ಷಿ. ಚಳಿಗೆಂದು ನಾವು ಅದನ್ನೂ ರಟ್ಟಿನಿಂದ ಮುಚ್ಚಿದ್ದೆವು. ಮೊದಲ ಚಳಿಗಾಲ ಹೇಗೋ ಕಳೆಯಿತು. ಎರಡನೆಯ ವರ್ಷದ ಡಿಸೆಂಬರ್‌ನಲ್ಲಿ ಮಗಳು ಸ್ನಾನ ಮುಗಿಸಿ ಬಂದಾಗಲೆಲ್ಲ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ ಎನ್ನತೊಡಗಿದಳು. ಅರ್ಧ ಗಂಟೆಯಲ್ಲಿ ತಾನಾಗಿ ಸರಿಯಾಗುತ್ತಿತ್ತು. ಪಿತ್ತವಿರಬೇಕು ಎಂದು ಅವ್ವ ಜೀರಿಗೆ ಕಷಾಯ ಕೊಟ್ಟಳು. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಲು ಹೋದ ಹೆಂಡತಿ ಬಾಗಿಲು ತೆರೆದು ಹೊರಬಂದವಳೇ ಪಡಸಾಲೆಯಲ್ಲಿ ಕುಸಿದು ಕುಳಿತಳು. ನಮ್ಮ ವೈದ್ಯರು ನಾಡಿ ನೋಡುವ ಮೊದಲೇ ಕೇಳಿದರು: “ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇದೆಯೇ?”

ಆ ದಿನದ ನಂತರ ನಾನು ಲೆಕ್ಕ ಹಾಕಿ ನೋಡಿದೆ. ಒಂದು ಪಾಲು ಎಲ್‌ಪಿಜಿ ಪೂರ್ತಿ ಉರಿಯಲು ಇಪ್ಪತ್ತೈದರಿಂದ ಮೂವತ್ತು ಪಾಲು ಗಾಳಿ ಬೇಕು. ಈ ಗೀಸರ್ ಪೂರ್ಣ ಉರಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 180 ಲೀಟರ್ ಗಾಳಿಯನ್ನು ನುಂಗುತ್ತದೆ. ನಮ್ಮ ಸ್ನಾನದ ಮನೆಯಲ್ಲಿದ್ದದ್ದು ಏಳು ಸಾವಿರ ಲೀಟರಿಗೂ ಕಡಿಮೆ ಗಾಳಿ. ಹತ್ತು ನಿಮಿಷ ಉರಿದರೆ ಅದರ ಕಾಲು ಭಾಗಕ್ಕಿಂತ ಹೆಚ್ಚು ಉರಿಗೇ ಹೋಗುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸಿಲಿಂಡರ್ ಸೋರಿದರೆ ಅದರಲ್ಲಿ ಬೆರೆಸಿದ ಮರ್‌ಕ್ಯಾಪ್ಟನ್‌ನ ಕೆಟ್ಟ ವಾಸನೆ ಎಚ್ಚರಿಸುತ್ತದೆ. ಇದು ಎಚ್ಚರಿಸುವುದೇ ಇಲ್ಲ. ತಲೆನೋವು, ವಾಕರಿಕೆ, ಕಾಲು ಸೋಲುವುದು, ಆಮೇಲೆ ಪ್ರಜ್ಞೆ ತಪ್ಪುವುದು. ಒಳಗಿನಿಂದ ಚಿಲಕ ಹಾಕಿಕೊಂಡವರಿಗೆ ಅದನ್ನು ತೆಗೆಯುವ ತ್ರಾಣವೂ ಉಳಿಯುವುದಿಲ್ಲ. ನನ್ನ ಹೆಂಡತಿಗೆ ಉಳಿದಿತ್ತು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಮರುದಿನವೇ ಗೀಸರ್ ಬಿಚ್ಚಿಸಿ ಹಿತ್ತಿಲ ಹೊರಗೋಡೆಗೆ ಹಾಕಿಸಿದೆ. ದಯವಿಟ್ಟು ಇದೊಂದನ್ನು ನನ್ನ ಮಾತಿನ ಮೇಲೆ ಮಾಡಿ: ಗೀಸರ್ ಒಳಗಿದ್ದರೆ ಹೊರಗೆ ಹಾಕಿಸಿ. ಎಕ್ಸಾಸ್ಟ್ ಫ್ಯಾನ್ ಇದೆ, ಕಿಟಕಿ ಅರ್ಧ ತೆರೆದಿರುತ್ತದೆ ಎಂಬ ಸಮಾಧಾನ ಬೇಡ. ಮಳೆ ನಮ್ಮಲ್ಲಿ ಪಡುವಣದಿಂದ ಬಡಿಯುತ್ತದೆ, ಆದ್ದರಿಂದ ನಾನು ಮೂಡಣ ಗೋಡೆಯನ್ನು, ಸಜ್ಜದ ಕೆಳಗಿನ ಜಾಗವನ್ನು ಆರಿಸಿದೆ. ಗಾಳಿಗೆ ಉರಿ ಆರುತ್ತದೆ ಎಂದು ಕೆಲವರು ಗೀಸರ್ ಸುತ್ತ ತಗಡಿನ ಪೆಟ್ಟಿಗೆ ಮಾಡಿಸುತ್ತಾರೆ. ಅದು ಸ್ನಾನದ ಮನೆಯ ತಪ್ಪನ್ನೇ ಚಿಕ್ಕದಾಗಿ ಮತ್ತೆ ಮಾಡಿದಂತೆ. ಪಕ್ಕಕ್ಕೆ ಒಂದು ಮರೆ ಸಾಕು. ಕೆಳಗೆ, ಮೇಲೆ, ಮುಂದೆ ತೆರೆದಿರಬೇಕು. ಬಿಸಿನೀರಿನ ಕೊಳವೆಗೆ ಸಿಪಿವಿಸಿ ಹಾಕಿಸಿದೆ. ಸಾದಾ ಪಿವಿಸಿ ಕೊಳವೆ ಬಿಸಿಗೆ ಮೆತ್ತಗಾಗಿ ಜೋಲುತ್ತದೆ.

ಜಾಗ ಬದಲಾದ ಮೇಲೆ ಹೊಸದೊಂದು ತೊಂದರೆ ಶುರುವಾಯಿತು. ನಳ ತಿರುಗಿಸಿದರೆ ನೀರು ಬರುತ್ತಿತ್ತು, ಗೀಸರ್ ಮಾತ್ರ ಹೊತ್ತುತ್ತಿರಲಿಲ್ಲ. ಕಂಪನಿಯ ಸೇವಾ ಕೇಂದ್ರದಿಂದ ಬಂದವನು ಐದು ನಿಮಿಷ ನೋಡಿ, ಒಳಗಿನ ತಾಮ್ರದ ಕಾಯಿಸುವ ಭಾಗವೇ ಹೋಗಿದೆ, ಹೊಸ ಗೀಸರ್ ತೆಗೆದುಕೊಳ್ಳುವುದು ಲೇಸು ಎಂದು ಹೇಳಿ ಭೇಟಿಯ ಶುಲ್ಕ ಪಡೆದು ಹೋದ. ನನಗೆ ಅದು ಸರಿ ಅನ್ನಿಸಲಿಲ್ಲ. ಒಂದೂವರೆ ವರ್ಷದ ತಾಮ್ರ ಹಾಗೆ ಹೇಗೆ ಹೋದೀತು? ಲೈನ್ ಬಜಾರಿನ ಕಡೆಯ ಒಬ್ಬ ಸ್ಟೌ ರಿಪೇರಿಯವರನ್ನು ಕರೆತಂದೆ. ಅವರು ಮಾಡಿದ ಮೊದಲ ಕೆಲಸವೆಂದರೆ ಗೀಸರ್ ಬಿಟ್ಟು ಮಾಳಿಗೆ ಹತ್ತಿ ಟ್ಯಾಂಕ್ ನೋಡಿದ್ದು.

ಈ ಯಂತ್ರದ ಮರ್ಮವನ್ನು ಅವರೇ ನನಗೆ ಕಲಿಸಿಕೊಟ್ಟರು. ಹರಿಯುವ ನೀರು ಒಳಗಿನ ಒಂದು ರಬ್ಬರ್ ಡಯಾಫ್ರಾಮ್ ಅನ್ನು ತಳ್ಳುತ್ತದೆ, ಅದು ಒಂದು ಕಡ್ಡಿಯನ್ನು, ಕಡ್ಡಿ ಒಂದು ಪುಟ್ಟ ಸ್ವಿಚ್ಚನ್ನು. ಸ್ವಿಚ್ ಒತ್ತಿದಾಗ ಎರಡು ದೊಡ್ಡ ಬ್ಯಾಟರಿಗಳ 3 ವೋಲ್ಟ್‌ನಿಂದ ಕಿಡಿ ಹಾರುತ್ತದೆ, ಗ್ಯಾಸಿನ ಕವಾಟ ತೆರೆಯುತ್ತದೆ. ಉರಿ ಹತ್ತಿದ್ದನ್ನು ಇನ್ನೊಂದು ಕಡ್ಡಿ ಗ್ರಹಿಸಿದರೆ ಮಾತ್ರ ಕವಾಟ ತೆರೆದಿರುತ್ತದೆ. ಅಂದರೆ ಎಲ್ಲಕ್ಕೂ ಮೊದಲು ನೀರಿಗೆ ತಳ್ಳುವ ಬಲ ಇರಬೇಕು. ಟ್ಯಾಂಕ್ ಹತ್ತು ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ. ನಮ್ಮದು ಒಂದೇ ಅಂತಸ್ತಿನ ಮನೆ, ಟ್ಯಾಂಕಿಗೂ ಗೀಸರಿಗೂ ಎರಡು ಮೀಟರ್ ಅಂತರವೂ ಇರಲಿಲ್ಲ. ಅದರ ಮೇಲೆ ಹೊರಗೋಡೆಯವರೆಗೆ ಕೊಳವೆಯ ಮೂರು ಹೊಸ ತಿರುವುಗಳು ಬೇರೆ. ಗೌಂಡಿಯನ್ನು ಕರೆಸಿ ಟ್ಯಾಂಕ್ ಕೆಳಗೆ ಐದಡಿಯ ಕಟ್ಟೆ ಕಟ್ಟಿಸಿದೆ. ಅಂದಿನಿಂದ ನಳ ತಿರುಗಿಸಿದ ಕೂಡಲೇ ಟಿಕ್ ಟಿಕ್ ಸದ್ದು, ಹಿಂದೆಯೇ ನೀಲಿ ಉರಿ. ಒತ್ತಡ ಕಡಿಮೆ ಎಂದು ಸಣ್ಣ ಪಂಪ್ ಹಾಕಿಸುವವರಿದ್ದಾರೆ. ಆದರೆ ಕರೆಂಟ್ ಇಲ್ಲದಾಗಲೂ ಬಿಸಿನೀರು ಬೇಕೆಂದು ಇದನ್ನು ಕೊಂಡ ನನಗೆ ಪಂಪ್ ಬೇಡವೆನಿಸಿತು.

ನಮ್ಮ ನೀರಿನದು ಬೇರೆಯೇ ಕಥೆ. ನಳಕ್ಕೆ ಬರುವುದು ಮಲಪ್ರಭೆಯ ನೀರು, ಅದರಿಂದ ಗೀಸರಿಗೆ ಅಂಥ ಉಪದ್ರವವಿಲ್ಲ. ಆದರೆ ಅದು ನಮ್ಮ ಓಣಿಗೆ ದಿನವೂ ಬರುವುದಿಲ್ಲ, ಬೇಸಿಗೆಯಲ್ಲಂತೂ ನಡುವೆ ಒಂದು ವಾರವೇ ಕಳೆಯುತ್ತದೆ. ಆಗ ಟ್ಯಾಂಕಿಗೆ ಬೋರ್‌ವೆಲ್ ನೀರು ಏರಿಸುತ್ತೇವೆ. ಆ ಗಡಸು ನೀರು ಕಾದಾಗ ತಾಮ್ರದ ಕೊಳವೆಯ ಒಳಗೆ ಸುಣ್ಣದ ಪದರ ಕೂರುತ್ತದೆ. ಅವ್ವನ ಹಂಡೆಯ ತಳದಲ್ಲಿ ಕಟ್ಟುತ್ತಿದ್ದ ಬಿಳಿ ಕಿಟ್ಟವೇ ಇದು. ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೆಗೆಯುತ್ತಿದ್ದಳು, ಕೊಳವೆಯೊಳಗೆ ಕೈ ಹೋಗುವುದಿಲ್ಲ. ಮೂರನೆಯ ವರ್ಷ ನೀರಿನ ಧಾರೆ ಸಣ್ಣದಾಗುತ್ತ ಬಂತು, ಒಳಗೆ ಕುದಿಯುವಂಥ ಗೊರಗೊರ ಸದ್ದು ಶುರುವಾಯಿತು. ರಿಪೇರಿಯವರು ಬಂದು ಸಿಟ್ರಿಕ್ ಆಮ್ಲ ಕದಡಿದ ನೀರನ್ನು ಒಂದು ಗಂಟೆ ತಿರುತಿರುಗಿ ಹರಿಸಿದರು. ಹೊರಗೆ ಬಂದದ್ದು ಅಕ್ಷರಶಃ ಸುಣ್ಣದ ತಿಳಿ. ಅಂದಿನಿಂದ ಪ್ರತಿ ವರ್ಷ ಇದನ್ನು ತಪ್ಪಿಸಿಲ್ಲ.

ಈ ವರ್ಷಗಳಲ್ಲಿ ನಾನೇ ಗುರುತಿಸಲು ಕಲಿತ ತೊಂದರೆಗಳನ್ನು ಹೇಳುತ್ತೇನೆ. ಟಿಕ್ ಟಿಕ್ ಸದ್ದೇ ಬರದಿದ್ದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ. ಚಾರ್ಜ್ ಮಾಡುವ ಬ್ಯಾಟರಿ ಬೇಡ, ಅದರದು 1.2 ವೋಲ್ಟ್ ಮಾತ್ರ. ಸಾದಾ ಅಲ್ಕಲೈನ್ ಜೋಡಿ ನಮ್ಮಲ್ಲಿ ಐದಾರು ತಿಂಗಳು ಬರುತ್ತದೆ. ಅದು ಸರಿಯಿದ್ದರೆ ತಣ್ಣೀರು ಒಳಹೋಗುವ ಬಾಯಿಯ ಜಾಳಿಗೆಯನ್ನು ತೆಗೆದು ನೋಡಿ, ಟ್ಯಾಂಕಿನ ರಾಡಿ ಕಟ್ಟಿಕೊಂಡಿರುತ್ತದೆ. ಇದನ್ನು ಹಳೆಯ ಬ್ರಷ್‌ನಿಂದ ಮನೆಯವರೇ ತೊಳೆಯಬಹುದು. ಅದರ ನಂತರದ ಅನುಮಾನ ಡಯಾಫ್ರಾಮ್, ರಬ್ಬರ್ ಬಿರುಸಾಗಿ ಸೀಳಿರುತ್ತದೆ. ನಮ್ಮದನ್ನು ಎರಡು ಬಾರಿ ಬದಲಿಸಿದ್ದೇವೆ. ಕಿಡಿ ಹಾರಿಯೂ ಉರಿ ಹತ್ತದಿದ್ದರೆ ಸಿಲಿಂಡರ್ ಬದಲಿಸಿದ ದಿನವೇ ಎಂದು ನೆನಪಿಸಿಕೊಳ್ಳಿ, ಕೊಳವೆಯಲ್ಲಿ ಗಾಳಿ ನಿಂತಿರುತ್ತದೆ, ಎರಡು ಮೂರು ಬಾರಿ ನಳ ತೆರೆದು ಮುಚ್ಚಿದರೆ ಸರಿಹೋಗುತ್ತದೆ. ಹತ್ತಿ ನಾಲ್ಕೈದು ಸೆಕೆಂಡಿಗೆ ಆರಿದರೆ ಉರಿ ಗ್ರಹಿಸುವ ಕಡ್ಡಿಗೆ ಮಸಿ ಹಿಡಿದಿದೆ ಎಂದು ತಿಳಿಯಬಹುದು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಆರಿದರೆ ಅದು ಕೆಡುಕಲ್ಲ, ಸುರಕ್ಷತೆಗಾಗಿ ಇಟ್ಟ ಟೈಮರ್. ಹಾಗೆಯೇ ಉರಿ ಆರಿದ ಮೇಲೆ ಒಳಗೆ ಉಳಿದ ಕಾವಿನಿಂದ ಮುಂದಿನ ಮೊದಲ ಚೊಂಬು ನೀರು ವಿಪರೀತ ಸುಡುತ್ತದೆ. ಮಕ್ಕಳ ಮೈಮೇಲೆ ಅದನ್ನು ನೇರವಾಗಿ ಬಿಡಬೇಡಿ.

ಎರಡು ಲಕ್ಷಣಗಳನ್ನು ಮಾತ್ರ ಮನೆಯಲ್ಲಿ ಮುಟ್ಟಲು ಹೋಗಬಾರದು. ಒಂದು, ತಡವಾಗಿ ‘ಢಬ್’ ಎಂದು ಹೊತ್ತುವುದು. ಕಿಡಿ ಸಿಗುವ ಮುನ್ನ ಗ್ಯಾಸ್ ಒಳಗೆ ಕೂಡಿಕೊಳ್ಳುತ್ತಿದೆ ಎಂದರ್ಥ. ಇನ್ನೊಂದು, ಉರಿ ಹಳದಿಗೆ ತಿರುಗುವುದು. ಬರ್ನರ್‌ನಲ್ಲಿ ಧೂಳು, ಜೇಡರ ಬಲೆ ಇರಬಹುದು, ತಾಮ್ರದ ರೆಕ್ಕೆಗಳ ನಡುವೆ ಮಸಿ ತುಂಬಿ ಹೊಗೆ ಹೋಗುವ ದಾರಿ ಕಟ್ಟಿರಬಹುದು. ಎರಡರಲ್ಲಿ ಯಾವುದನ್ನು ಕಂಡರೂ ರೆಗ್ಯುಲೇಟರ್ ಮುಚ್ಚಿ, ಬಲ್ಲವರು ಬರುವವರೆಗೆ ಸ್ಟೌ ಮೇಲೆಯೇ ನೀರು ಕಾಯಿಸಿಕೊಳ್ಳಿ. ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆದಿಟ್ಟು 1906ಕ್ಕೆ ಕರೆ ಮಾಡಿ. ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಹಾಯವಾಣಿ. ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಹೊರಗೆ ಸೀಳು ಕಾಣದಿದ್ದರೂ ಸರಿ.

ಖರ್ಚಿನ ಲೆಕ್ಕ ಕೇಳುವವರಿಗೆ: ಒಂದು ದೊಡ್ಡ ಬಕೆಟ್ ಬಿಸಿನೀರಿಗೆ 45ರಿಂದ 50 ಗ್ರಾಂ ಗ್ಯಾಸ್ ಬೇಕು. ದಿನಕ್ಕೆ ನಾಲ್ಕು ಬಕೆಟ್ಟಿನಂತೆ 14.2 ಕಿಲೋ ಸಿಲಿಂಡರ್ ನಮ್ಮಲ್ಲಿ ಸುಮಾರು ಎಪ್ಪತ್ತು ದಿನ ಬರುತ್ತದೆ. ಅದೇ ಬಕೆಟ್ಟಿಗೆ ವಿದ್ಯುತ್ ಗೀಸರ್ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ತಿನ್ನುತ್ತದೆ. ಗೃಹಜ್ಯೋತಿಯ ಮಿತಿಯೊಳಗೆ ಉಳಿಯುವ ಇಬ್ಬರ ಸಂಸಾರಕ್ಕೆ ಇಂದು ವಿದ್ಯುತ್ ಗೀಸರೇ ಅಗ್ಗ, ಅವರಿಗೆ ನಾನು ಇದನ್ನು ಹೇಳುವುದಿಲ್ಲ. ನಾಲ್ಕಾರು ಜನ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ನಿಲ್ಲುವ ಮನೆಗೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಆರು ಲೀಟರ್ ನೀರಿನ ಬಿಸಿಯನ್ನು ನಿಮಿಷದಲ್ಲಿ 25 ಡಿಗ್ರಿ ಏರಿಸಲು ಹತ್ತು ಕಿಲೋವಾಟ್‌ಗೂ ಹೆಚ್ಚಿನ ಕಾವು ಬೇಕು. 3 ಕಿಲೋವಾಟ್‌ನ ವಿದ್ಯುತ್ ಗೀಸರ್ ಅಷ್ಟು ಹೊತ್ತಿಗೆ ಎರಡು ಲೀಟರನ್ನೂ ಕಾಯಿಸಲಾರದು. ವರ್ಷದ ಸರ್ವಿಸ್‌ಗೆ, ಆಮ್ಲದ ತೊಳೆತವೂ ಸೇರಿ, ನನಗೆ ಬೀಳುವುದು ಆರುನೂರು ರೂಪಾಯಿ. ಕೊಳ್ಳುವಾಗ ಐಎಸ್ 15558 ಎಂಬ ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ಇದೆಯೇ ಎಂದು ನೋಡಿ.

ಸರ್ವಿಸ್ ಮಾಡಿಸಲು ನಾನು ಇಟ್ಟುಕೊಂಡ ಗಡುವು ದೀಪಾವಳಿಯ ನೀರು ತುಂಬುವ ಹಬ್ಬ. ಅವ್ವ ಈಗಲೂ ಆ ಸಂಜೆ ಹಂಡೆಯನ್ನು ತಿಕ್ಕಿ ತೊಳೆದು, ಹಿಂಡಲಿಕಾಯಿ ಬಳ್ಳಿ ಸುತ್ತಿ ಪೂಜೆ ಮಾಡುತ್ತಾಳೆ. ಹಂಡೆಗೆ ಸುರಿಯುವ ನೀರು ಮಾತ್ರ ಗೀಸರಿನಿಂದ ಬಂದದ್ದು. ಒಂದು ವರ್ಷ ಅವಳು ಆ ಬಳ್ಳಿಯ ತುಂಡೊಂದನ್ನು ಗೀಸರಿನ ಕೊಳವೆಗೂ ಕಟ್ಟಿದ್ದಳು. ಉರಿಗೆ ತಾಗದಂತೆ ನಾನು ಅದನ್ನು ಕೆಳಗೆ, ತಣ್ಣೀರಿನ ಕವಾಟಕ್ಕೆ ಸರಿಸಿದೆ.

ಈಗ ನಮ್ಮ ಓಣಿಯಲ್ಲಿ ಕೊಳವೆ ಗ್ಯಾಸಿನ ಹಳದಿ ಪೈಪುಗಳು ಇಳಿದಿವೆ. ಎಲ್‌ಪಿಜಿಯ ಗೀಸರನ್ನು ಅದಕ್ಕೆ ಹಾಗೆಯೇ ಜೋಡಿಸುವಂತಿಲ್ಲ. ನೈಸರ್ಗಿಕ ಅನಿಲ ಕಡಿಮೆ ಒತ್ತಡದಲ್ಲಿ ಬರುತ್ತದೆ, ಅದಕ್ಕೆ ಬರ್ನರ್‌ನ ಜೆಟ್ಟಿನ ರಂಧ್ರ ದೊಡ್ಡದಿರಬೇಕು. ಏಳು ವರ್ಷ ದುಡಿದ ಯಂತ್ರದ ಜೆಟ್ ಬದಲಿಸುವುದಕ್ಕಿಂತ, ಸಂಪರ್ಕ ಬಂದ ದಿನ ಆ ಅನಿಲಕ್ಕೆಂದೇ ಮಾಡಿದ ಹೊಸದನ್ನು ತರುತ್ತೇನೆ. ಅದನ್ನು ತೂಗುಹಾಕುವುದು ಹಿತ್ತಿಲ ಮೂಡಣ ಗೋಡೆಯ ಅದೇ ಎರಡು ಬೋಲ್ಟುಗಳಿಗೆ.