ಒಂದು ಹೆಬ್ಬೆರಳು, ಎರಡು ಔಷಧಿ, 14 ತಿಂಗಳು

ಮೊದಲು ಮುಚ್ಚಳದ ವಿಷಯ. ಉಗುರಿನ ಫಂಗಸ್ಸಿಗೆ ನೈಲ್ ಪಾಲಿಶ್ ಥರ ಹಚ್ಚೋ ಔಷಧಿ ಅಮೊರೋಲ್ಫಿನ್; ಅದರ ಬಾಟಲಿಯ ಮುಚ್ಚಳ ಒಮ್ಮೆ ಅಂಟಿಕೊಂಡರೆ ಕಟಿಂಗ್ ಪ್ಲೇಯರೇ ಬೇಕು. 2.5 ಮಿಲಿಗೆ ಅಷ್ಟು ದುಡ್ಡು ಸುರಿದು ಭಾನುವಾರ ಬೆಳಿಗ್ಗೆ ಟೂಲ್ ಬಾಕ್ಸ್ ಹುಡುಕೋ ಕರ್ಮ! ತಪ್ಪು ನನ್ನದೇ ಅಂತ ಗೊತ್ತಾಗಿದ್ದು ಎರಡನೇ ಬಾಟಲಿಗೆ. ಅದ್ದಿದ ಕಡ್ಡಿಯನ್ನು ಬಾಟಲಿ ಬಾಯಿಗೆ ಸವರಬಾರದು, ಒಣಗಿ ಗೋಂದಾಗುತ್ತೆ.

ಮಳೆಗಾಲವಿಡೀ ಒದ್ದೆ ಶೂನಲ್ಲೇ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವವನು ನಾನು. ಬಲಗಾಲಿನ ಹೆಬ್ಬೆರಳ ಉಗುರು ಹಳದಿಯಾಗಿ, ಹಪ್ಪಳದ ಹಾಗೆ ಉದುರತೊಡಗಿತು. ಮನೆಯಲ್ಲಿದ್ದ ಕ್ಲೋಟ್ರಿಮಜೋಲ್ ಕ್ರೀಮ್ ಎರಡು ತಿಂಗಳು ತಿಕ್ಕಿದೆ. ಚರ್ಮಕ್ಕಾದರೆ ಸರಿ, ದಪ್ಪ ಉಗುರಿನೊಳಗೆ ಅದು ಇಳಿಯಲ್ಲ. ಚರ್ಮದ ಡಾಕ್ಟರು ಉಗುರು ಕೆರೆದು ಟೆಸ್ಟಿಗೆ ಕಳಿಸಿ, ಫಂಗಸ್ಸೇ ಅಂತ ಖಾತ್ರಿಯಾದ ಮೇಲೇ ಚೀಟಿ ಬರೆದರು. ಸೋರಿಯಾಸಿಸ್ ಅನ್ನೋ ಚರ್ಮರೋಗದಲ್ಲೂ ಉಗುರು ಹೀಗಾಗುತ್ತಂತೆ.

ಮೊದಲು ಬರೆದದ್ದು ಸೈಕ್ಲೋಪಿರಾಕ್ಸ್ 8%, ಇದೂ ಪಾಲಿಶ್ ಥರ ಹಚ್ಚೋದೇ. ದಿನಾ ರಾತ್ರಿ ಪದರದ ಮೇಲೆ ಪದರ ಹಚ್ಚಿ, ವಾರಕ್ಕೊಮ್ಮೆ ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಶುರು. ಒಂಬತ್ತೂವರೆಗೆ ಮನೆ ಸೇರುವವನಿಗೆ ಕಾಲುಬೆರಳ ನೆನಪು ಎಲ್ಲಿಂದ ಬರಬೇಕು? ವಾರದಲ್ಲಿ ನಾಲ್ಕು ದಿನ ಹಚ್ಚಿದರೆ ಹೆಚ್ಚು. ಮೂರು ತಿಂಗಳಿಗೆ ಬಿಟ್ಟೆ. ಔಷಧಿಯನ್ನು ಬೈಯೋ ಮುಖ ನನಗಿಲ್ಲ.

ಆಮೇಲೆ ಶುರುವಾದ ಅಮೊರೋಲ್ಫಿನ್ 5% ವಾರಕ್ಕೊಂದೇ ಸಲ. ಭಾನುವಾರ ಸ್ನಾನ ಮುಗಿಸಿ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಬಾಲ್ಕನಿ ಬಿಸಿಲಲ್ಲಿ ಕೂರುತ್ತೇನೆ. ಪುಟ್ಟ ಅರದಿಂದ ಉಗುರು ಉಜ್ಜೋದು, ಸ್ಪಿರಿಟ್ ಹತ್ತಿಯಲ್ಲಿ ಒರೆಸೋದು, ಕಡ್ಡಿಯಿಂದ ಬಳಿಯೋದು, ಆಮೇಲೆ ಒಣಗೋವರೆಗೆ ಬೆರಳು ಅಗಲಿಸಿಕೊಂಡು ಸುಮ್ಮನೆ ಕೂರೋದು. "ಏನ್ರೀ, ಮೆಹಂದಿ ಮುಗೀತಾ?" ಅಂತ ಒಳಗಿಂದ ಹೆಂಡತಿ. ಆ ಅರ ಒಳ್ಳೆ ಉಗುರಿಗೆ ತಾಗಬಾರದು; ಮಗಳು ಒಮ್ಮೆ ಎತ್ತಿಕೊಂಡಿದ್ದಳು, ಕಿತ್ತು ಬಿಸಾಡಿ ಹೊಸದು ತೆಗೆದೆ. ಒಂದೇ ಬೆರಳಾದ್ದರಿಂದ ಬಾಟಲಿ ತಿಂಗಳುಗಟ್ಟಲೆ ಬರುತ್ತೆ. ಹತ್ತೂ ಬೆರಳಿಗಾದರೆ ನನ್ನ ಸಂಬಳಕ್ಕೆ ಎಟುಕಲ್ಲ.

ಕಾಲುಗುರು ಬೆಳೆಯೋದು ತಿಂಗಳಿಗೆ ಸುಮಾರು 1.5 ಮಿಲಿಮೀಟರ್. ಹಾಳಾದದ್ದು ರಿಪೇರಿಯಾಗಲ್ಲ, ಹೊಸದು ಬಂದು ಅದನ್ನ ಮುಂದಕ್ಕೆ ತಳ್ಳಬೇಕು. ಅಮೊರೋಲ್ಫಿನ್ ಶುರುವಾದ ನಾಲ್ಕನೇ ತಿಂಗಳು ಬುಡದಲ್ಲಿ ಗುಲಾಬಿ ಗೆರೆ ಕಂಡಾಗ ಮುಚ್ಚಳದ ಮೇಲಿನ ಸಿಟ್ಟು ಅರ್ಧ ಇಳಿಯಿತು. ಈಗ ಹನ್ನೊಂದನೆಯದು, ತುದಿಯಲ್ಲಿ ಹಳದಿ ಚೂರು ಇನ್ನೂ ಇದೆ. ಹೋದ ವಾರ ಗವಿ ಗಂಗಾಧರೇಶ್ವರನ ಮುಂದೆ ಬರಿಗಾಲಲ್ಲಿ ನಿಂತಿದ್ದೆ. ಪಂಚೆಯಂಚಿಂದ ಬೆರಳು ಮುಚ್ಚಿಕೊಳ್ಳೋ ಹಳೇ ಅಭ್ಯಾಸ ನೆನಪಾಗಿದ್ದು ಮನೆಗೆ ಬಂದ ಮೇಲೆ.