ರೀಪರ್‌ನಲ್ಲಿ ಗಮಕ ಬರುತ್ತಾ? ಕೆಲವು ವರ್ಷ ಬಳಸಿದ ಮೇಲೆ ಬರೆದದ್ದು

ನನ್ನದು ಸ್ವಂತ ಭಾವಗೀತೆಗಳಿಗೆ ರಾಗ ಹಾಕಿ, ವಾದ್ಯ ಕೂಡಿಸಿ, ಮಿಕ್ಸ್ ಮಾಡುವ ಕೆಲಸ. ಎಲ್ಲವೂ ಮನೆಯ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತದೆ. ಕೆಲವು ವರ್ಷಗಳಿಂದ ಇದಕ್ಕೆ ರೀಪರ್ ಎಂಬ ಸಂಗೀತ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಹಾಡು ಕೇಳುವ ವಿನ್‌ಆಂಪ್ ಸಾಫ್ಟ್‌ವೇರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರು ಮಾಡಿದ್ದು. 60 ದಿನ ಉಚಿತವಾಗಿ ನೋಡಬಹುದು. ಆಮೇಲೆ ನಮ್ಮಂಥವರಿಗೆ 60 ಡಾಲರ್ ಲೈಸೆನ್ಸ್. ತಿಂಗಳು ತಿಂಗಳು ಕಟ್ಟುವ ತಲೆನೋವಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದರ ಜೊತೆ ವಾದ್ಯಗಳು ಬರುವುದಿಲ್ಲ. ಒಂದು ಸಣ್ಣ ಸಿಂತ್ (ಸದ್ದನ್ನು ತಾನೇ ಹುಟ್ಟಿಸುವ ಸಾಫ್ಟ್‌ವೇರ್ ವಾದ್ಯ), ಒಂದು ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದನ್ನು ನುಡಿಸುವಂಥದ್ದು), ಅಷ್ಟೇ. ಉಳಿದದ್ದನ್ನು ನೀವೇ ಹಾಕಿಕೊಳ್ಳಬೇಕು. ನನ್ನ ಹತ್ತಿರ ಇರುವುದು ಸರ್ಜ್ ಎಕ್ಸ್‌ಟಿ, ವೈಟಲ್ ಎಂಬ ಎರಡು ಸಿಂತ್‌ಗಳು, ಮತ್ತು ರೆಕಾರ್ಡ್ ಮಾಡಿದ ವಾದ್ಯಗಳಿರುವ, ಸ್ಪಿಟ್‌ಫೈರ್‌ನವರ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್. ಮೂರೂ ಉಚಿತವಾಗಿಯೇ ಸಿಕ್ಕವು. ಡಿಸ್ಕವರ್ ಸುಮಾರು 200 ಎಂಬಿ ಅಷ್ಟೇ. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇದು ದೊಡ್ಡ ವಿಷಯ.

ಈಗ ಗಮಕದ ಮಾತು, ಅಂದರೆ ಸ್ವರವನ್ನು ಅಲುಗಿಸುವುದು, ಜಾರಿಸುವುದು. ಕೀಬೋರ್ಡ್‌ನಲ್ಲಿ ತೋಡಿ ರಾಗದ ಗಾಂಧಾರ ಒತ್ತಿದರೆ ಅದು ಸುಮ್ನೆ ನಿಂತುಬಿಡುತ್ತದೆ. ಹಾಗೆ ನಿಂತರೆ ಅದು ತೋಡಿಯೇ ಅಲ್ಲ, ಅಲ್ವಾ? ರೀಪರ್‌ನ ಮಿಡಿ ಎಡಿಟರ್‌ನಲ್ಲಿ (ನುಡಿಸಿದ ಸ್ವರಗಳನ್ನು ತಿದ್ದುವ ಕಿಟಕಿ) ಸ್ವರಗಳ ಕೆಳಗೆ ಪಿಚ್ ಬೆಂಡ್ ಸಾಲನ್ನು, ಅಂದರೆ ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಸಾಲನ್ನು ತೆರೆದು ಗೆರೆ ಎಳೆಯಬಹುದು. 6ನೇ ಆವೃತ್ತಿಯಿಂದ ಈ ಗೆರೆಗೆ ಬಾಗು ಕೊಡಲು ಬರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಕೇಳಿಸುವುದಿಲ್ಲ. ಸಿಂತ್‌ಗಳಲ್ಲಿ ಬೆಂಡ್ ಸಾಮಾನ್ಯವಾಗಿ ಮೇಲೆ ಎರಡು, ಕೆಳಗೆ ಎರಡು ಸೆಮಿಟೋನ್‌ಗೆ (ಕೀಬೋರ್ಡಿನ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ) ಇರುತ್ತದೆ. ತೋಡಿಯ ಗಾಂಧಾರಕ್ಕೆ ಇದು ಸರಿಯಾಗಿ ಸಾಕು. ಅಲ್ಲಿಂದ ರಿಷಭ ಎರಡು ಸೆಮಿಟೋನ್ ಕೆಳಗೆ, ಮಧ್ಯಮ ಎರಡು ಮೇಲೆ. ಆದರೆ ಷಡ್ಜದಿಂದ ಪಂಚಮಕ್ಕೆ ಜಾರು ಬೇಕೆಂದರೆ ಏಳು ಸೆಮಿಟೋನ್ ಬೇಕು. ಅದಕ್ಕೆ ಸಿಂತ್ ಒಳಗೆ ಬೆಂಡ್ ಅಳತೆಯನ್ನು 12ಕ್ಕೆ ಏರಿಸಿಕೊಳ್ಳಿ. ಎಳೆದ ಗೆರೆಯನ್ನು ಆಮೇಲೆ ಅದೇ ಲೆಕ್ಕದಲ್ಲಿ ತಗ್ಗಿಸಬೇಕು.

ಬೆಂಡ್ ಒಂದು ಸ್ವರಕ್ಕಲ್ಲ, ಆ ಮಿಡಿ ಚಾನೆಲ್‌ನಲ್ಲಿರುವ ಎಲ್ಲ ಸ್ವರಗಳಿಗೂ ಅನ್ವಯಿಸುತ್ತದೆ ಅನ್ನೋದು ನೆನಪಿರಲಿ. ಒಂದೇ ಟ್ರ್ಯಾಕಿನಲ್ಲಿ, ಒಂದೇ ಚಾನೆಲ್‌ನಲ್ಲಿ ಶ್ರುತಿ, ರಾಗ ಎರಡನ್ನೂ ಇಟ್ಟರೆ ಶ್ರುತಿಯೂ ಅಲುಗಾಡುತ್ತದೆ! ಇನ್ನೊಂದು, ರೆಕಾರ್ಡ್ ಮಾಡಿದ ವಯಲಿನ್ ಸ್ಯಾಂಪಲ್ಲನ್ನು ಜಾಸ್ತಿ ಬಾಗಿಸಿದರೆ ನಾದ ಕೃತಕವಾಗುತ್ತದೆ. ಅದಕ್ಕೇ ಉದ್ದ ಜಾರುಗಳನ್ನು ನಾನು ವೈಟಲ್‌ಗೆ ಬಿಡುತ್ತೇನೆ. ಡಿಸ್ಕವರ್‌ನ ತಂತಿವಾದ್ಯಗಳನ್ನು ಹಿಂದೆ ನಿಂತು ತುಂಬಿಕೊಡಲು ಮಾತ್ರ ಇಟ್ಟುಕೊಂಡಿದ್ದೇನೆ. ನಿಜವಾದ ವೀಣೆಯ ಜಾಗವನ್ನು ಇದು ತುಂಬುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮನಸ್ಸಿನಲ್ಲಿದ್ದ ಸಂಗತಿಯನ್ನು ಇನ್ನೊಬ್ಬರಿಗೆ ಕೇಳಿಸುವಷ್ಟು ಖಂಡಿತ ಆಗುತ್ತದೆ. ಆ ಖುಷಿ ದೊಡ್ಡದು.

ಮಿಕ್ಸಿಂಗ್‌ಗೆ ಇದರ ಜೊತೆ ಬರುವ ರಿಯಾಇಕ್ಯು (ಈಕ್ವಲೈಸರ್, ಸದ್ದಿನ ಬೇರೆ ಬೇರೆ ಆವರ್ತನಗಳನ್ನು ಏರಿಸಿ ಇಳಿಸುವಂಥದ್ದು), ರಿಯಾಕಾಂಪ್ (ಕಂಪ್ರೆಸರ್, ಸದ್ದಿನ ಏರಿಳಿತವನ್ನು ಹದಗೊಳಿಸುವಂಥದ್ದು) ನನಗೆ ಬೇಕಾದಷ್ಟಾಗಿವೆ. ಭಾವಗೀತೆಯಲ್ಲಿ ಮಾತು ಮುಚ್ಚಿಹೋದರೆ ಹಾಡೇ ಹೋದ ಹಾಗೆ. ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚುಕಡಿಮೆ 2ರಿಂದ 5 ಕಿಲೋಹರ್ಟ್ಸ್ ನಡುವೆ. ತಂತಿವಾದ್ಯಗಳನ್ನೆಲ್ಲ ಒಂದು ಫೋಲ್ಡರ್ ಟ್ರ್ಯಾಕ್ (ಹಲವು ಟ್ರ್ಯಾಕ್‌ಗಳನ್ನು ಒಟ್ಟುಗೂಡಿಸುವ ಟ್ರ್ಯಾಕ್) ಒಳಗೆ ಹಾಕಿ, ಆ ಫೋಲ್ಡರಿನ ಮೇಲೆ ಆ ಜಾಗದಲ್ಲಿ ಎರಡು ಡೆಸಿಬೆಲ್ ಇಳಿಸುತ್ತೇನೆ. ದನಿಯನ್ನು ಜೋರು ಮಾಡದೆಯೇ ಸಾಹಿತ್ಯ ಮುಂದೆ ಬರುತ್ತದೆ.

ಹಾಡುವಾಗ ಬಫರ್ ಅನ್ನು, ಅಂದರೆ ಕಂಪ್ಯೂಟರ್ ಒಮ್ಮೆಗೆ ಹಿಡಿಯುವ ಸದ್ದಿನ ಸಣ್ಣ ತುಣುಕುಗಳ ಸಂಖ್ಯೆಯನ್ನು 128ಕ್ಕೆ ಇಟ್ಟರೆ, 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ತುಣುಕು) ಅದರಿಂದಾಗುವ ತಡ ಮೂರು ಮಿಲಿಸೆಕೆಂಡಿಗೂ ಕಡಿಮೆ. ಆಗ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿದರೆ, ಅಂದರೆ ಸಿದ್ಧ ಆಡಿಯೊ ಆಗಿ ಮಾಡಿಟ್ಟರೆ, ಹಗುರಾಗುತ್ತದೆ, ಬೇಕಾದಾಗ ಮತ್ತೆ ತೆರೆಯಬಹುದು. ಕರೆಂಟ್ ಕೈಕೊಡುವ ಊರಿನವರು ಕೆಲವು ನಿಮಿಷಕ್ಕೊಮ್ಮೆ ತಾನೇ ಸೇವ್ ಮಾಡುವ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ.

ನೋಡಲು ಚೆಂದವಾಗಿಲ್ಲ, ಮೆನುಗಳು ವಿಪರೀತ. ರೆಡಿ ಲೂಪ್ ಜೋಡಿಸಿ ಬೇಗ ಬೀಟ್ ಮಾಡಬೇಕು ಅನ್ನುವವರಿಗೆ ಇದು ಬೇಸರ ತರಿಸೀತು. ರಾಗ ಹಾಕುವವರು ಮಾತ್ರ ಆ 60 ದಿನಗಳಲ್ಲಿ ಬೇರೇನೂ ಮುಟ್ಟದೆ, ಮೊದಲು ಪಿಚ್ ಬೆಂಡ್ ಸಾಲು ತೆರೆದು ತಮಗಿಷ್ಟವಾದ ರಾಗದ ಒಂದು ಸ್ವರವನ್ನು ಅಲುಗಿಸಿ ನೋಡಿ.