ಗಿಡಮೂಲಿಕೆ ವೈದ್ಯರಾಗಲು ಯಾವ ದಾರಿ: ಬಿಎಎಂಎಸ್, ಬ್ರಿಟನ್ ಅಥವಾ ನಾಟಿ ವೈದ್ಯರು?

ಮೊದಲು ಕಾನೂನನ್ನು ನೋಡಿ. ಭಾರತದಲ್ಲಿ ಆಯುರ್ವೇದ ವೈದ್ಯರಾಗಿ ನೋಂದಾಯಿಸಿಕೊಳ್ಳಲು ಬಿಎಎಂಎಸ್ ಎಂಬ ಆಯುರ್ವೇದ ಪದವಿ ಬೇಕೇ ಬೇಕು: ನೀಟ್ ಪರೀಕ್ಷೆ, ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಷಿಪ್. ಬ್ರಿಟನ್ನಿನಲ್ಲಿ ‘ಹರ್ಬಲಿಸ್ಟ್’ (ಗಿಡಮೂಲಿಕೆ ವೈದ್ಯ) ಎಂಬ ಹೆಸರಿಗೆ ಕಾನೂನಿನ ಕಾವಲಿಲ್ಲ. 1864ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಹರ್ಬಲಿಸ್ಟ್ಸ್‌ನಂಥ ಸಂಘದ ಸದಸ್ಯತ್ವವೇ ಅಲ್ಲಿ ರೋಗಿಗೆ ಭರವಸೆ. ನಾಟಿ ವೈದ್ಯರ ಬಳಿ ಕಲಿತರೆ ವೈದ್ಯರ ನೋಂದಣಿ ಸಿಗದು.

ಖರ್ಚಿನಲ್ಲಿ ಸರ್ಕಾರಿ ಬಿಎಎಂಎಸ್ ಸೀಟು ಹಗುರ, ವಿದೇಶದ ಶುಲ್ಕ ಭಾರ. ನಾಟಿ ವೈದ್ಯರಿಗೆ ಹಣಕ್ಕಿಂತ ನಿಮ್ಮ ತಾಳ್ಮೆ ಮುಖ್ಯ.

ಗಿಡದ ಗುರುತಿನಲ್ಲಿ ಮಾತ್ರ ನನ್ನ ಒಲವು ನಾಟಿ ವೈದ್ಯರ ಕಡೆಗೇ. ಅಮೃತಬಳ್ಳಿಯನ್ನೂ ಅದನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿಯನ್ನೂ ಎಲೆ ನೋಡಿ ಬೇರ್ಪಡಿಸುವುದು ಕಷ್ಟ, ಎರಡೂ ಹೃದಯದಾಕಾರ. ಕಾಂಡ ಸವರಿದರೆ ಎರಡನೆಯದರಲ್ಲಿ ನರುಲಿಯಂಥ ಗಂಟುಗಳು ಒತ್ತೊತ್ತಾಗಿ ಕೈಗೆ ತಾಗುತ್ತವೆ. ಈ ಜಾಣ್ಮೆ ತರಗತಿಯಲ್ಲಿ ಕುಳಿತು ಬರುವುದಿಲ್ಲ.

ಇಲ್ಲಿಯೇ ಚಿಕಿತ್ಸಾಲಯ ತೆರೆಯುವವರಿಗೆ ಬಿಎಎಂಎಸ್ ಸರಿ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ತರಬೇತಿಯೇ ಹೊಂದುತ್ತದೆ. ಚಿಕಿತ್ಸೆ ನೀಡುವ ಆಸೆಯಿಲ್ಲದೆ ಔಷಧಿ ಸಸ್ಯ ಬೆಳೆಸಲು, ದಾಖಲಿಸಲು ಹೊರಟವರು ಊರಿನ ಹಿರಿಯ ವೈದ್ಯರನ್ನು ಇಂದೇ ಹುಡುಕಿ ಹೋಗಲಿ.